ಸೈಡ್ ಸ್ಟ್ಯಾಂಡಿಗೆ ಅಗಲವಾದ ಪಾದ



ಈ ಸಲ ಬೋರ್ಡೋ ದ್ರಾವಣದ ಮಾತಿಲ್ಲ, ಕಾಂಡಕೊರಕದ ಮಾತಿಲ್ಲ. ಮೋಟಾರ್ ಸೈಕಲ್ಲಿನ ಸೈಡ್ ಸ್ಟ್ಯಾಂಡಿನ ಮಾತಿದೆ. ಬೆಳೆಗಾರರ ಪತ್ರಿಕೆಯಲ್ಲಿ ಗಾಡಿ ರಿಪೇರಿ ಏಕೆ ಎಂದು ಕೇಳುವವರಿಗೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ. ಹೋದ ವರ್ಷ ಅಕ್ಟೋಬರಿನಲ್ಲಿ ನಮ್ಮ ಅಡಿಕೆ ತೋಟದಲ್ಲಿ ನಿಲ್ಲಿಸಿದ್ದ ಗಾಡಿ ಯಾರೂ ತಳ್ಳದೆ, ಯಾರೂ ಹತ್ತದೆ, ನಿಂತಲ್ಲಿಯೇ ವಾಲಿ ಬಿತ್ತು. ನಮ್ಮಲ್ಲಿ ಬಹಳ ವರ್ಷಗಳಿಂದ ಕೆಲಸಕ್ಕೆ ಬರುತ್ತಿರುವ ಹೆಣ್ಣುಮಗಳೊಬ್ಬಳ ಪಾದ ಅದರಡಿ ಸಿಕ್ಕಿ ಮೂಳೆ ಮುರಿಯಿತು. ಅದನ್ನು ತಪ್ಪಿಸಬಹುದಾಗಿದ್ದ ವಸ್ತು ಅಂಗೈಗಿಂತ ಚಿಕ್ಕದಾದ ಒಂದು ತಗಡು.

ನಡೆದದ್ದು ಹೀಗೆ. ಬೆಳಿಗ್ಗೆ ಎಂಟು ಗಂಟೆಗೆ ತೋಟಕ್ಕೆ ಹೋದಾಗ ನೆಲ ಒಣಗಿತ್ತು. ಪಂಪ್ ಮನೆಯ ಪಕ್ಕದಲ್ಲಿ, ಪ್ರತಿದಿನ ನಿಲ್ಲಿಸುವ ಜಾಗದಲ್ಲೇ ಗಾಡಿ ನಿಲ್ಲಿಸಿದೆವು. ಆ ಜಾಗದಲ್ಲಿ ಎರಡು ತಿಂಗಳ ಹಿಂದೆ ಹನಿ ನೀರಾವರಿಯ ಪೈಪಿಗಾಗಿ ಚರಂಡಿ ತೋಡಿ ಮುಚ್ಚಿದ್ದು ನಮಗೆ ನೆನಪಿರಲಿಲ್ಲ. ಮಧ್ಯಾಹ್ನ ಮಳೆ ಹಿಡಿಯಿತು. ಗೊನೆ ಹೊರುತ್ತಿದ್ದವರೆಲ್ಲ ಪಂಪ್ ಮನೆಯ ಶೀಟಿನ ಕೆಳಗೆ ಬಂದು ನಿಂತರು. ಮಳೆ ಬಿಟ್ಟ ಸ್ವಲ್ಪ ಹೊತ್ತಿಗೆ "ಅಣ್ಣ, ಗಾಡಿ ವಾಲ್ಕೊಂಡು ಬತ್ತಾ ಅದೆ" ಎಂದು ಕೂಗಿದ್ದು ಕೇಳಿಸಿತು. ನಾವು ಒಳಗಿನಿಂದ ಬರುವಷ್ಟರಲ್ಲಿ ಆಕೆ ಹೋಗಿ ಹಿಂದಿನ ಕ್ಯಾರಿಯರ್ ಹಿಡಿದುಕೊಂಡಾಗಿತ್ತು. ನಾಲ್ಕು ಚೀಲ ಕಾಫಿಯ ತೂಕದ ಗಾಡಿ ಒಬ್ಬರ ಕೈಗೆ ನಿಲ್ಲುತ್ತದೆಯೇ? ಕೆಸರಿನಲ್ಲಿ ಆಕೆಯ ಕಾಲೂ ಜಾರಿತು.

ಆಸ್ಪತ್ರೆಗೆ ಕರೆದೊಯ್ಯುವಾಗ, ಬೀಳುವ ಗಾಡಿಗೆ ಕೈ ಏಕೆ ಕೊಟ್ಟೆಯಮ್ಮ ಎಂದು ಕೇಳಿದೆವು. "ಗಾಡಿ ಏನಾರಾ ಆದ್ರೆ ನೀವು ಬೈತೀರಿ ಅಂತ ಹಿಡ್ಕಂಡೆ ಕಣಣ್ಣ" ಎಂದಳು. ಆ ಮಾತು ನಮ್ಮನ್ನು ಇವತ್ತಿಗೂ ಚುಚ್ಚುತ್ತದೆ. ಆರು ವಾರ ಪ್ಲಾಸ್ಟರ್. ಅದೂ ಅಡಿಕೆ ಇಳಿಸುವ ಕಾಲದಲ್ಲಿ, ಮನೆಯ ಗಳಿಕೆಯೆಲ್ಲ ಆಗಬೇಕಾದ ದಿನಗಳಲ್ಲಿ. ಆಸ್ಪತ್ರೆಯ ಖರ್ಚು, ಕೂಲಿ ಎಲ್ಲ ಕೊಟ್ಟೆವು, ಕೊಡಬೇಕಾದದ್ದೇ. ಆದರೆ ಆ ಗಾಡಿ ಏಕೆ ಬಿತ್ತೆಂದು ಪದವಿಯಲ್ಲಿ ಭೌತಶಾಸ್ತ್ರ ಓದಿದ್ದ ನಾವು ಮೊದಲೇ ಯೋಚಿಸಬೇಕಿತ್ತು.

ಗಾಡಿಯ ವಿಚಾರ ಸ್ವಲ್ಪ ಹೇಳಬೇಕು. ಅದು ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್, 2016ರಲ್ಲಿ ಬಂದ 411 ಸಿ.ಸಿ. ಮಾದರಿ. (2023ರಲ್ಲಿ ಇದರ ಬದಲಿಗೆ 450ರ ಮಾದರಿ ಬಂತು.) ಲಡಾಖಿಗೆ ಹೋಗಬೇಕೆಂದು ನಮ್ಮ ಮಗ ಕೊಂಡದ್ದು. ಅಷ್ಟರಲ್ಲಿ ಅವನಿಗೆ ದೂರದಲ್ಲಿ ಕೆಲಸವಾಯಿತು, ಗಾಡಿ ತೋಟದ ಪಾಲಾಯಿತು. ಹಿಮಾಲಯವನ್ನೇ ಕಾಣದ ಹಿಮಾಲಯನ್ ಈಗ ಲೊಕ್ಕನಹಳ್ಳಿ, ಕೌದಳ್ಳಿ, ಮಹದೇಶ್ವರ ಬೆಟ್ಟ ಎಂದು ತಿರುಗುತ್ತಿದೆ. ಇಂಥ ಕಥೆ ನಮ್ಮದೊಂದೇ ಅಲ್ಲ. ಹನೂರು, ಕೊಳ್ಳೇಗಾಲ, ಯಳಂದೂರು ಮೂರೂ ಕಡೆಯ ಸದಸ್ಯರ ಮನೆಗಳಲ್ಲಿ ಮಕ್ಕಳು ಬಿಟ್ಟುಹೋದ ಭಾರಿ ಗಾಡಿಗಳು ಈಚೆಗೆ ಕಾಣುತ್ತಿವೆ.

ಹಿಂದೆ ಈ ಸಮಸ್ಯೆ ಇಷ್ಟಿರಲಿಲ್ಲ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆದ ಕಾಲದಲ್ಲಿ ನಮ್ಮ ಕಡೆ ಬಂದ ಜಾವಾ, ಯೆಜ್ಡಿಗಳು ಒಂದೂವರೆ ಕ್ವಿಂಟಲ್ ಮುಟ್ಟುತ್ತಿರಲಿಲ್ಲ. ತೋಟಕ್ಕೆ ಹೋದರೆ ಎಲ್ಲರೂ ಡಬಲ್ ಸ್ಟ್ಯಾಂಡ್ ಹಾಕುತ್ತಿದ್ದರು. ಆಮೇಲೆ ಹೊಸೂರಿನಿಂದ ಬಂದ ಟಿ.ವಿ.ಎಸ್. ಮೊಪೆಡ್ ಅಂತೂ ಎರಡು ಮೂಟೆ ಹೊತ್ತು ಡಬಲ್ ಸ್ಟ್ಯಾಂಡಿನ ಮೇಲೆ ಬಂಡೆಯ ಹಾಗೆ ನಿಲ್ಲುತ್ತದೆ. ಎಕ್ಸ್.ಎಲ್. ಓಡಿಸುವ ಸದಸ್ಯರು ಈ ಲೇಖನವನ್ನು ಇಲ್ಲಿಗೇ ಬಿಟ್ಟು ಮುಂದಿನ ಪುಟಕ್ಕೆ ಹೋಗಬಹುದು. ಹಿಮಾಲಯನ್, ಬುಲೆಟ್ ಮೊದಲಾದವು ಸುಮಾರು 200 ಕಿಲೋದ ಗಾಡಿಗಳು. ಅವನ್ನು ಡಬಲ್ ಸ್ಟ್ಯಾಂಡಿಗೆ ಎತ್ತಲು ನಮ್ಮ ವಯಸ್ಸಿನ ಸೊಂಟ ಒಪ್ಪುವುದಿಲ್ಲ. ಮೆತ್ತನೆ ನೆಲದಲ್ಲಿ ಎತ್ತಲು ಹೋದರೆ ಗಾಡಿ ಮೇಲೇರುವ ಬದಲು ಸ್ಟ್ಯಾಂಡೇ ಕೆಳಗಿಳಿಯುತ್ತದೆ. ಹಾಗಾಗಿ ಎಲ್ಲರೂ ಸೈಡ್ ಸ್ಟ್ಯಾಂಡಿಗೆ ಒಗ್ಗಿಹೋಗಿದ್ದೇವೆ.

ಈಗ ಲೆಕ್ಕಕ್ಕೆ ಬರೋಣ. ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿಯ ಭಾರವೆಲ್ಲ ಸ್ಟ್ಯಾಂಡಿನ ಮೇಲಿರುವುದಿಲ್ಲ. ಹೆಚ್ಚಿನ ಪಾಲು ಎರಡು ಚಕ್ರಗಳ ಮೇಲಿರುತ್ತದೆ. ಗಾಡಿ ಎಡಕ್ಕೆ ವಾಲಿದಷ್ಟು ಪಾಲು ಸ್ಟ್ಯಾಂಡಿಗೆ ಬರುತ್ತದೆ. 200 ಕಿಲೋದಲ್ಲಿ ಕಾಲು ಭಾಗ, ಅಂದರೆ 50 ಕಿಲೋ ಸ್ಟ್ಯಾಂಡಿನ ಮೇಲೆ ಎಂದಿಟ್ಟುಕೊಳ್ಳೋಣ. ಸರಿಯಾಗಿ ತಿಳಿಯಬೇಕೆನ್ನುವವರು ಡಿಪೋದ ತೂಕದ ಯಂತ್ರದ ಮೇಲೆ ಸ್ಟ್ಯಾಂಡಿನ ಪಾದವಿಟ್ಟು, ಚಕ್ರಗಳ ಕೆಳಗೆ ಅಷ್ಟೇ ಎತ್ತರದ ಹಲಗೆ ಕೊಟ್ಟು ತೂಗಿ ನೋಡಬಹುದು. ಕಂಪನಿಯಿಂದ ಬಂದ ಸ್ಟ್ಯಾಂಡಿನ ಪಾದ ನೆಲ ಮುಟ್ಟುವ ಜಾಗ ನಾಲ್ಕು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲವಿದ್ದರೆ ಹನ್ನೆರಡು ಚದರ ಸೆಂಟಿಮೀಟರ್ ಆಯಿತು, ಬೆಂಕಿಪೊಟ್ಟಣಕ್ಕಿಂತ ಕಿರಿದು. ಒಂದು ಚೀಲ ಕಾಫಿಯನ್ನು ಬೆಂಕಿಪೊಟ್ಟಣದ ಮೇಲೆ ನಿಲ್ಲಿಸಿ, ಅದನ್ನು ಒದ್ದೆ ಮಣ್ಣಿನ ಮೇಲಿಟ್ಟ ಹಾಗೆ. ಒಂದೊಂದು ಚದರ ಸೆಂಟಿಮೀಟರಿಗೆ ನಾಲ್ಕು ಕಿಲೋಗೂ ಮಿಕ್ಕಿ ಒತ್ತಡ ಬೀಳುತ್ತದೆ. ಅರವತ್ತು ಕಿಲೋದ ಮನುಷ್ಯ ಒಂಟಿಕಾಲಲ್ಲಿ ನಿಂತರೂ ಪಾದ ಸುಮಾರು 150 ಚದರ ಸೆಂಟಿಮೀಟರ್ ಇರುವುದರಿಂದ ಒತ್ತಡ ಅರ್ಧ ಕಿಲೋ ದಾಟುವುದಿಲ್ಲ. ಆದ್ದರಿಂದ ನಾವು ನಡೆದು ನೋಡಿ "ನೆಲ ಗಟ್ಟಿಯಿದೆ" ಎಂದದ್ದು ಸ್ಟ್ಯಾಂಡಿನ ಮಟ್ಟಿಗೆ ಸುಳ್ಳಾಗುತ್ತದೆ.

ಇದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಮೆಣಸು ಕೊಯ್ಯುವಾಗ ಏಣಿಯ ಕಾಲಿಗೆ ಹಲಗೆ ಚೂರು ಕೊಡುತ್ತೇವೆ. ಹಿಂದೆ ಎತ್ತು ಬಿಚ್ಚಿದ ಗಾಡಿಯ ಮೂಕಿಗೆ ಊರುಗೋಲು ಕೊಟ್ಟಾಗ ಅದರ ಕೆಳಗೆ ಚಪ್ಪಟೆ ಕಲ್ಲಿಡುತ್ತಿದ್ದರು. ಕಾಡಂಚಿನ ತೋಟಗಳಿಗೆ ಆನೆ ಬಂದು ಹೋದ ಬೆಳಿಗ್ಗೆ ನೋಡಿದವರಿಗೆ ತಿಳಿದೇ ಇದೆ: ಅಷ್ಟು ದೊಡ್ಡ ಪ್ರಾಣಿಯ ಹೆಜ್ಜೆ ಮೊರದಗಲ ಇದ್ದರೂ ಆಳವಿರುವುದಿಲ್ಲ, ಅದೇ ದಾರಿಯಲ್ಲಿ ಹೋದ ಮೇಕೆಯ ಗೊರಸು ಚುಚ್ಚಿಕೊಂಡು ಇಳಿದಿರುತ್ತದೆ. ಬಾಳೆ, ತೆಂಗು ಹಾಳಾದ ಮನುಷ್ಯನಿಗೆ ಹೆಜ್ಜೆಯ ಆಳ ನೋಡುವ ವ್ಯವಧಾನ ಇರುವುದಿಲ್ಲವೆನ್ನುವುದು ಬೇರೆ ಮಾತು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಗಾಡಿ ಬಿದ್ದದ್ದಕ್ಕೆ ನಿಜವಾದ ಕಾರಣ ಅದೇ. ಸ್ಟ್ಯಾಂಡ್ ಸ್ವಲ್ಪ ಇಳಿದರೆ ಗಾಡಿ ಸ್ವಲ್ಪ ಹೆಚ್ಚು ವಾಲುತ್ತದೆ. ಹೆಚ್ಚು ವಾಲಿದರೆ ಸ್ಟ್ಯಾಂಡಿನ ಪಾಲಿಗೆ ಹೆಚ್ಚು ಭಾರ ಬರುತ್ತದೆ. ಹೆಚ್ಚು ಭಾರ ಬಂದರೆ ಇನ್ನಷ್ಟು ಇಳಿಯುತ್ತದೆ. ಸ್ಟ್ಯಾಂಡಿನ ಪಾದ ಚಕ್ರದ ಸಾಲಿನಿಂದ ಒಂದಡಿ ದೂರವಿದೆ ಎಂದುಕೊಂಡರೆ, ಐದು ಸೆಂಟಿಮೀಟರ್ ಇಳಿಯುವುದಕ್ಕೆ ಸುಮಾರು ಹತ್ತು ಡಿಗ್ರಿ ವಾಲಿಕೆ ಹೆಚ್ಚಾಗುತ್ತದೆ. ಅಂದರೆ ಮೊದಲಿದ್ದ ವಾಲಿಕೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಆದಕಾರಣ ಗಾಡಿ ಗಂಟೆಗಟ್ಟಲೆ ಸುಮ್ಮನಿದ್ದು, ಕೊನೆಯ ಎರಡು ನಿಮಿಷದಲ್ಲಿ ಬಿದ್ದುಬಿಡುತ್ತದೆ. "ಇಷ್ಟು ಹೊತ್ತು ನಿಂತದ್ದು ಇನ್ನು ಬೀಳುತ್ತದೆಯೇ" ಎನ್ನುವ ಧೈರ್ಯ ಒಳ್ಳೆಯದಲ್ಲ. ಅದು ಬೀಳಲು ಶುರುವಾದ ಮೇಲೆ ಹಿಡಿಯಲು ಹೋಗುವುದಂತೂ ಕೂಡದು. ತೋಟದಲ್ಲಿ ಕೆಲಸ ಮಾಡುವವರಿಗೆಲ್ಲ ಇದನ್ನು ಒಂದು ಸಲ ಬಾಯಿಬಿಟ್ಟು ಹೇಳಿಬಿಡಿ: ಗಾಡಿ ವಾಲಿದರೆ ದೂರ ಸರಿಯಿರಿ, ಬಿದ್ದರೆ ಬೀಳಲಿ, ಯಾರೂ ಬೈಯುವುದಿಲ್ಲ. ನಾವು ಹೇಳಿರಲಿಲ್ಲ.

ನಮ್ಮ ಕಡೆಯ ಕೆಂಪು ಮಣ್ಣಿನ ಗುಣವನ್ನು ನೀವೆಲ್ಲ ಬಲ್ಲಿರಿ. ಒಣಗಿದಾಗ ಹಾರೆ ಹಾಕಿದರೂ ಇಳಿಯದು. ಒಂದು ಹದ ಮಳೆ ಬಿದ್ದರೆ ಅಂಬಲಿಯಾಗುತ್ತದೆ. ನಮ್ಮ ಜಿಲ್ಲೆಗೆ ಮಳೆ ಜೋರಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಡಿಕೆ ತೋಟದ ಓಡಾಟ ಹೆಚ್ಚುವುದೂ ಆಗಲೇ. ಬಿಳಿಗಿರಿರಂಗನ ಬೆಟ್ಟದ ಕಾಫಿ ಬೆಳೆಗಾರರಿಗೆ ತೊಂದರೆ ಇನ್ನೊಂದು ಬಗೆ. ಅಲ್ಲಿ ನೆರಳಿನಡಿ ತರಗೆಲೆ ಕೊಳೆತು ಮೆತ್ತೆಯ ಹಾಗಿರುವುದರಿಂದ ಕೆಳಗಿನ ನೆಲ ಗಟ್ಟಿಯೋ ಮೆತ್ತಗೋ ಕಣ್ಣಿಗೆ ತಿಳಿಯುವುದಿಲ್ಲ. ಇನ್ನು ಮುಚ್ಚಿದ ಪೈಪ್ ಚರಂಡಿ, ಹೊಸದಾಗಿ ಮಣ್ಣು ತುಂಬಿದ ಅಂಗಳ, ಗೊಬ್ಬರದ ಗುಂಡಿಯ ಅಂಚು, ಹನಿ ನೀರಾವರಿಯ ಒದ್ದೆ ಸಾಲು ಇವೆಲ್ಲ ಮೇಲೆ ಹೆಪ್ಪುಗಟ್ಟಿ ಒಳಗೆ ಪೊಳ್ಳಾದ ಜಾಗಗಳು. ಏಪ್ರಿಲ್ ತಿಂಗಳ ಮಧ್ಯಾಹ್ನ ಹನೂರಿನ ಟಾರು ರಸ್ತೆಯ ಪಕ್ಕ ನಿಲ್ಲಿಸಿ ಬಂದರೆ, ಸ್ಟ್ಯಾಂಡ್ ಟಾರಿನೊಳಕ್ಕೂ ಇಳಿದಿರುವುದುಂಟು.

ಪರಿಹಾರ ಸರಳ. ಪಾದ ಅಗಲವಾಗಬೇಕು. ಅತ್ಯಂತ ಸುಲಭದ ದಾರಿ ಚಪ್ಪಟೆ ಕಲ್ಲು ಅಥವಾ ಇಟ್ಟಿಗೆ ಚೂರು. ಬೇಕಾದಾಗ ಸಿಕ್ಕುವುದಿಲ್ಲ ಎನ್ನುವುದೊಂದೇ ಅದರ ದೋಷ. ಡಬ್ಬದ ಮುಚ್ಚಳ ಬಾಗುತ್ತದೆ. ಅಡಿಕೆ ಹಾಳೆ ಇಟ್ಟವರನ್ನು ನೋಡಿದ್ದೇವೆ; ಒದ್ದೆಯಾದ ಹಾಳೆ ಸೋಪಿನ ಹಾಗೆ ಜಾರುತ್ತದೆ, ದಯವಿಟ್ಟು ಬೇಡ. ಇದಕ್ಕಿಂತ ಮೇಲಾದದ್ದು ಅಂಗೈಯಗಲದ ಗಟ್ಟಿ ಪ್ಲೈವುಡ್ ಚೂರಿಗೆ ತೂತು ಹೊಡೆದು ಉದ್ದದ ದಾರ ಕಟ್ಟಿ ಇಟ್ಟುಕೊಳ್ಳುವುದು. ಸ್ಟ್ಯಾಂಡಿನ ಕೆಳಗೆ ಹಾಕಿ ದಾರವನ್ನು ಹ್ಯಾಂಡಲಿಗೆ ಸಿಕ್ಕಿಸಿದರೆ ಹೊರಡುವಾಗ ಬಗ್ಗದೆ ಎಳೆದುಕೊಳ್ಳಬಹುದು. ಖರ್ಚಿಲ್ಲ, ಗಾಡಿಗೆ ಯಾವ ಬದಲಾವಣೆಯೂ ಇಲ್ಲ. ಗಾಡಿ ಇನ್ನೂ ವಾರಂಟಿಯಲ್ಲಿದ್ದು ಏನನ್ನೂ ಜೋಡಿಸಲು ಹೆದರುವವರಿಗೆ ಇದೇ ಸಾಕು. ಆದರೆ ಹಾಕಲು ನೆನಪಿರಬೇಕು. ಮರೆಯುವ ಜಾತಿಗೆ ಸೇರಿದ ನಮ್ಮಂಥವರಿಗೆ ಪಾದ ಸ್ಟ್ಯಾಂಡಿನಲ್ಲೇ ಇರಬೇಕು.

ನಮ್ಮ ಮೊದಲನೆಯ ಪ್ರಯತ್ನ ಕೆಟ್ಟಿತು. ಅದನ್ನೂ ಹೇಳುತ್ತೇವೆ, ನಿಮಗೆ ಉಪಯೋಗವಾದೀತು. ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿದಾಗ ಅವರು ಲಾರಿ ಪಟ್ಟಾದ ತುಂಡೊಂದನ್ನು ಕತ್ತರಿಸಿ ಪಾದಕ್ಕೆ ಬೆಸೆದುಕೊಟ್ಟರು. ಪಟ್ಟಾ ಗಟ್ಟಿ ಎಂಬ ಭಾವನೆ ಅವರಿಗೂ ಇತ್ತು, ನಮಗೂ ಇತ್ತು. ಆದರೆ ಪಟ್ಟಾದ ಉಕ್ಕು ಇಂಗಾಲ ಹೆಚ್ಚಿರುವ ಸ್ಪ್ರಿಂಗ್ ಉಕ್ಕು. ಅದನ್ನು ಮೊದಲು ಕಾಯಿಸದೆ, ಬೆಸೆದ ಮೇಲೆ ನಿಧಾನವಾಗಿ ಆರಿಸದೆ ಹಾಗೆಯೇ ವೆಲ್ಡಿಂಗ್ ಹೊಡೆದರೆ ಬೆಸುಗೆಯ ಪಕ್ಕದಲ್ಲಿ ಗಾಜಿನ ಹಾಗೆ ಪೆಡಸಾಗಿ ಬಿರುಕು ಬಿಡುತ್ತದೆ. ಮೂರನೆಯ ವಾರದಲ್ಲಿ ಕೌದಳ್ಳಿಯ ಹತ್ತಿರ ಅದು ಕಳಚಿ ಎಲ್ಲೋ ಬಿತ್ತು. ಬಿದ್ದದ್ದೇ ಒಳ್ಳೆಯದಾಯಿತೆನ್ನಬೇಕು, ಅದರ ಹಿಂದಿನ ಅಮಾವಾಸ್ಯೆಗೆ ಬೆಟ್ಟಕ್ಕೆ ಹೋದಾಗ, ತಾಳುಬೆಟ್ಟ ದಾಟಿ ಮೇಲೆ ಎಡ ತಿರುವಿನಲ್ಲಿ ಗಾಡಿ ಬಾಗಿಸಿದ್ದೇ ತಡ, ತಗಡಿನ ಹೊರ ಅಂಚು ರಸ್ತೆಗೆ ಗರಕ್ಕನೆ ಉಜ್ಜಿತು. ಸ್ಟ್ಯಾಂಡ್ ಇರುವುದು ಎಡಕ್ಕೆ. ಎಡ ತಿರುವಿನಲ್ಲಿ ಗಾಡಿ ಬಾಗುವುದೂ ಎಡಕ್ಕೆ. ಅಗಲ ಹೆಚ್ಚಾದರೆ ತಗಡು ನೆಲಕ್ಕೆ ಊರಿ ಹಿಂದಿನ ಚಕ್ರವನ್ನೇ ಎತ್ತಿಬಿಡಬಹುದು. ಕೆಳಗೆ ಕಣಿವೆ ಇರುವ ರಸ್ತೆಯಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಸಲ ಯೋಚಿಸಿ ಮಾಡಿದೆವು. ಮೊದಲು ಸ್ಟ್ಯಾಂಡನ್ನು ಮಡಚಿದ ಸ್ಥಿತಿಯಲ್ಲಿ ನೋಡಬೇಕು, ಬಿಚ್ಚಿದ ಸ್ಥಿತಿಯಲ್ಲಲ್ಲ. ಮಡಚಿದಾಗ ಪಾದದ ಸುತ್ತ ಎಷ್ಟು ಜಾಗವಿದೆ? ಒಳಗಡೆ ಚೈನಿಗಾಗಲಿ, ಫ್ರೇಮಿಗಾಗಲಿ, ಡಬಲ್ ಸ್ಟ್ಯಾಂಡಿಗಾಗಲಿ ತಾಗಬಾರದು. ಹೊರಗಡೆ ಕಾಲಿಡುವ ಫುಟ್‌ರೆಸ್ಟಿನ ತುದಿಗಿಂತ ಆಚೆ ಚಾಚಬಾರದು. ರಟ್ಟಿನಲ್ಲಿ ಕತ್ತರಿಸಿ, ಪಾದಕ್ಕೆ ಅಂಟಿಸಿ, ಸ್ಟ್ಯಾಂಡನ್ನು ಹತ್ತು ಸಲ ಮಡಚಿ ಬಿಚ್ಚಿ ನೋಡಿದೆವು. ನಮ್ಮ ಗಾಡಿಗೆ ಹೊಂದಿದ ಅಳತೆ ಒಂಬತ್ತು ಸೆಂಟಿಮೀಟರ್ ಉದ್ದ, ಏಳು ಸೆಂಟಿಮೀಟರ್ ಅಗಲ. ಅರವತ್ತಮೂರು ಚದರ ಸೆಂಟಿಮೀಟರ್ ಆಯಿತು, ಮೊದಲಿನ ಐದು ಪಟ್ಟು. ಒತ್ತಡ ನಾಲ್ಕು ಕಿಲೋ ಮಿಕ್ಕಿದ್ದದ್ದು ಮುಕ್ಕಾಲು ಕಿಲೋ ಆಸುಪಾಸಿಗೆ ಇಳಿಯಿತು. ಇನ್ನೂ ದೊಡ್ಡದು ಮಾಡಬೇಕೆನ್ನುವ ಆಸೆ ಬರುತ್ತದೆ. ತಾಳುಬೆಟ್ಟದ ತಿರುವನ್ನು ನೆನೆದು ಬಿಟ್ಟೆವು.

ತಗಡಿಗೆ ಐದು ಮಿಲಿಮೀಟರಿನ ಸಾಧಾರಣ ಉಕ್ಕಿನ ಪ್ಲೇಟು ಸಾಕು. ಈ ಅಳತೆಗೆ ಸುಮಾರು 250 ಗ್ರಾಂ ತೂಗುತ್ತದೆ. ಆರು ಮಿಲಿಮೀಟರಿನ ಅಲ್ಯೂಮಿನಿಯಂ ಆದರೆ ನೂರು ಗ್ರಾಂ ಚಿಲ್ಲರೆ. ಈ ವ್ಯತ್ಯಾಸ ಕ್ಷುಲ್ಲಕವಲ್ಲ. ಗಾಡಿ ಓಡುವಾಗ ಸ್ಟ್ಯಾಂಡನ್ನು ಮೇಲೆ ಹಿಡಿದಿರುವುದು ಒಂದು ಸ್ಪ್ರಿಂಗ್ ಮಾತ್ರ. ತುದಿಯಲ್ಲಿ ಭಾರ ಹೆಚ್ಚಾದರೆ ನಮ್ಮ ಗುಂಡಿ ರಸ್ತೆಗಳಲ್ಲಿ ಸ್ಟ್ಯಾಂಡ್ ಕುಣಿಯುತ್ತದೆ. ಹಳೆಯ ಸ್ಪ್ರಿಂಗ್ ಆದರೆ ಕೆಳಗೇ ಬಿದ್ದುಬಿಡಬಹುದು. ಓಡುವ ಗಾಡಿಯ ಸ್ಟ್ಯಾಂಡ್ ಕೆಳಗಿಳಿದು ಎಡಕ್ಕೆ ತಿರುಗುವುದು ನಿಂತ ಗಾಡಿ ಬೀಳುವುದಕ್ಕಿಂತ ಅಪಾಯ. ಈಚಿನ ಹಲವು ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ ನಿಲ್ಲಿಸುವ ಸ್ವಿಚ್ಚು ಇರುತ್ತದೆ. ಅಂಥ ಗಾಡಿಯಲ್ಲಿ ಸ್ಟ್ಯಾಂಡ್ ಕುಣಿದರೆ ನಡುರಸ್ತೆಯಲ್ಲಿ ಇಂಜಿನ್ ಬಿಕ್ಕುತ್ತದೆ. ಪ್ಲೇಟು ಹಾಕಿಸುವವರು ಸ್ಪ್ರಿಂಗ್ ಸಡಿಲವಾಗಿದ್ದರೆ ಅದನ್ನೂ ಬದಲಾಯಿಸಿಕೊಳ್ಳಿ. ನಾವು ಅಲ್ಯೂಮಿನಿಯಂ ಆರಿಸಿಕೊಂಡದ್ದು ಇದಕ್ಕಾಗಿ.

ಜೋಡಿಸುವ ಕ್ರಮ: ಕೆಳಗೊಂದು ಪೂರ್ತಿ ಪ್ಲೇಟು, ಮೇಲೊಂದು ಕತ್ತರಿಸಿದ ಪ್ಲೇಟು, ನಡುವೆ ಸ್ಟ್ಯಾಂಡಿನ ಮೂಲ ಪಾದ. ಮೇಲಿನ ಪ್ಲೇಟಿನಲ್ಲಿ ಸ್ಟ್ಯಾಂಡಿನ ಕಾಲು ಹೊಗುವಷ್ಟು ಲಾಳದ ಆಕಾರದ ಕಚ್ಚು ಇರಬೇಕು. ಪಾದದ ಸುತ್ತ ಮೂರು ಬೋಲ್ಟು ಹಾಕಿ ಎರಡನ್ನೂ ಬಿಗಿದರೆ ಮೂಲ ಪಾದ ನಡುವೆ ಕಚ್ಚಿ ನಿಲ್ಲುತ್ತದೆ. ಸ್ಟ್ಯಾಂಡಿಗೆ ತೂತು ಹೊಡೆಯುವ ಅಗತ್ಯವಿಲ್ಲ, ವೆಲ್ಡಿಂಗ್ ಇಲ್ಲ, ಬೇಡವೆನಿಸಿದರೆ ಬಿಚ್ಚಿಹಾಕಬಹುದು. ಬೋಲ್ಟಿನ ತಲೆ ಕೆಳಗಿನ ಪ್ಲೇಟಿನೊಳಕ್ಕೆ ಹೂತುಹೋಗುವಂಥದ್ದಿರಬೇಕು, ಅಂಗಡಿಯಲ್ಲಿ ಸಿ.ಎಸ್.ಕೆ. ಎಂದರೆ ಕೊಡುತ್ತಾರೆ. ಮೇಲಿನ ನಟ್ಟು ನೈಲಾನ್ ಇರುವ ಲಾಕ್ ನಟ್ಟಾಗಲಿ. ಸಾದಾ ನಟ್ಟು ಈ ಅದುರಾಟಕ್ಕೆ ತಿಂಗಳೊಳಗೆ ಸಡಿಲಾಗುತ್ತದೆ. ಮೂಲೆಗಳನ್ನು ಅರದಿಂದ ದುಂಡಾಗಿಸಿ, ಇಲ್ಲದಿದ್ದರೆ ಮೊದಲು ಗಾಯವಾಗುವುದು ನಿಮ್ಮ ಮೀನಖಂಡಕ್ಕೇ. ಮುಂದಿನ ಅಂಚನ್ನು ಒಂದು ನೂಲಿನಷ್ಟು ಮೇಲಕ್ಕೆ ಉಜ್ಜಿ ಇಳಿಜಾರಾಗಿಸಿದರೆ ನೆಲಕ್ಕೆ ಕಚ್ಚುವುದಿಲ್ಲ. ಕೆಳಗಿನ ಪ್ಲೇಟಿನಲ್ಲಿ ಪಾದದ ಹೊರಗೆ ಬೆರಳು ಗಾತ್ರದ ಎರಡು ತೂತು ಬಿಡಿ: ಕೆಸರಿನಲ್ಲಿ ಅಗಲವಾದ ತಗಡು ಅಟ್ಟೆಯಂತೆ ಅಂಟಿಕೊಳ್ಳುತ್ತದೆ, ತೂತಿದ್ದರೆ ಗಾಳಿ ಹೊಕ್ಕು ಬಿಟ್ಟುಕೊಡುತ್ತದೆ. ಯೂರಿಯಾ, ಪೊಟ್ಯಾಷ್ ಚೆಲ್ಲುವ ಜಾಗದಲ್ಲಿ ಅಲ್ಯೂಮಿನಿಯಮ್ಮೂ ಉಕ್ಕೂ ಕೂಡಿದ ಕಡೆ ಬೇಗ ತಿನ್ನುತ್ತದೆ. ಜೋಡಿಸುವಾಗ ನಡುವೆ ಗ್ರೀಸ್ ಸವರಿ. ಉಕ್ಕಾದರೆ ರೆಡ್ ಆಕ್ಸೈಡ್ ಬಳಿಯಿರಿ.

ಇಷ್ಟೆಲ್ಲ ಮಾಡುವ ತಾಳ್ಮೆ ಇಲ್ಲದವರಿಗೆ ಇದೇ ಬಗೆಯ ಸಿದ್ಧ ಪ್ಲೇಟುಗಳು ಹೆಸರಾಂತ ಗಾಡಿಗಳಿಗೆಲ್ಲ ಮಾರುಕಟ್ಟೆಯಲ್ಲಿ ಸಿಗುತ್ತವೆ. ಕೊಳ್ಳುವಾಗ ನಿಮ್ಮ ಗಾಡಿಯ ಮಾದರಿ, ವರ್ಷ ಎರಡನ್ನೂ ಹೇಳಿ. ವೆಲ್ಡಿಂಗೇ ಆಗಬೇಕೆಂದು ಹಟ ಹಿಡಿಯುವವರು ಸ್ಟ್ಯಾಂಡನ್ನು ಗಾಡಿಯಿಂದ ಕಳಚಿ ಅಂಗಡಿಗೆ ಒಯ್ಯಿರಿ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಕಿಡಿ ಹಾರಿಸುವುದು ಬುದ್ಧಿವಂತಿಕೆಯಲ್ಲ. ಈಚಿನ ಗಾಡಿಗಳ ಎಲೆಕ್ಟ್ರಾನಿಕ್ ಪೆಟ್ಟಿಗೆಗೂ ವೆಲ್ಡಿಂಗಿನ ಕರೆಂಟು ಒಳ್ಳೆಯದಲ್ಲ. ಸ್ಪ್ರಿಂಗ್ ಬಿಚ್ಚುವಾಗ ಅದರ ಮೇಲೆ ದಪ್ಪ ಬಟ್ಟೆ ಹೊದಿಸಿ, ಮುಖ ದೂರವಿರಲಿ.

ಈಗ ಪ್ಲೇಟು ಏನನ್ನು ಮಾಡಲಾರದು ಎಂಬುದನ್ನು ಹೇಳದಿದ್ದರೆ ಈ ಲೇಖನದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು. ಪ್ಲೇಟು ಎಡಕ್ಕೆ ಹೂತು ಬೀಳುವುದನ್ನು ತಡೆಯುತ್ತದೆ. ಬಲಕ್ಕೆ ಬೀಳುವುದನ್ನು ತಡೆಯುವುದಿಲ್ಲ, ಸ್ವಲ್ಪ ಹೆಚ್ಚಿಸಲೂಬಹುದು. ಕೆಳಗಿನ ಪ್ಲೇಟಿನ ದಪ್ಪದಷ್ಟು ಸ್ಟ್ಯಾಂಡ್ ಉದ್ದವಾದ ಹಾಗಾಯಿತಲ್ಲವೇ? ಅರ್ಧ ಸೆಂಟಿಮೀಟರಿಗೆ ಸುಮಾರು ಒಂದು ಡಿಗ್ರಿ ಗಾಡಿ ನೆಟ್ಟಗಾಗುತ್ತದೆ. ಗಟ್ಟಿ ನೆಲದಲ್ಲಿ ಅಷ್ಟು ಪರವಾಗಿಲ್ಲ. ಆದರೆ ದಪ್ಪ ಹೆಚ್ಚಿದ್ದರೆ ಒಳ್ಳೆಯದೆಂದು ಹತ್ತು ಹನ್ನೆರಡು ಮಿಲಿಮೀಟರಿನ ಪ್ಲೇಟು ಹಾಕಿಸಿಕೊಂಡು ಬಂದ ಸದಸ್ಯರೊಬ್ಬರ ಗಾಡಿಯನ್ನು ನಾವು ಒಂದು ಬೆರಳಿನಿಂದ ಬಲಕ್ಕೆ ಅಲುಗಿಸಿ ತೋರಿಸಿದೆವು. ಬಿಚ್ಚಿಸಿಕೊಂಡು ಹೋದರು.

ಇದಕ್ಕೂ ದೊಡ್ಡದು ಮೂಟೆಯ ಸಂಗತಿ. ಹಿಮಾಲಯನ್ನಿನಂಥ ಪ್ರವಾಸದ ಗಾಡಿಗಳಿಗೆ ಸ್ಪ್ರಿಂಗ್ ಚಲನೆ ಬಹಳ; ನಮ್ಮ ಗಾಡಿಯ ಹಿಂಚಕ್ರ 180 ಮಿಲಿಮೀಟರ್ ಮೇಲೆ ಕೆಳಗೆ ಆಡಬಲ್ಲದು. ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಹಿಂದೆ ಒಂದು ಚೀಲ ಗೊಬ್ಬರ ಏರಿಸಿದಿರಿ ಎನ್ನಿ. ಗಾಡಿಯ ಮೈ ತಗ್ಗುತ್ತದೆ, ಸ್ಟ್ಯಾಂಡಿನ ಉದ್ದ ಇದ್ದಷ್ಟೇ ಇರುತ್ತದೆ. ತಗ್ಗಿದ ಗಾಡಿಗೆ ಅದೇ ಸ್ಟ್ಯಾಂಡ್ ಉದ್ದವಾಗಿ, ಗಾಡಿಯನ್ನು ಬಲಕ್ಕೆ ನೂಕುತ್ತದೆ. ಭಾರ ಮೇಲಿದೆ, ವಾಲಿಕೆ ಇಲ್ಲ. ಚೀಲ ಕಟ್ಟುತ್ತಿರುವವನು ಸಾಮಾನ್ಯವಾಗಿ ನಿಂತಿರುವುದು ಎಲ್ಲಿ? ಆ ಬಲಗಡೆಯಲ್ಲಿ, ಕಾದ ಸೈಲೆನ್ಸರಿನ ಪಕ್ಕದಲ್ಲಿ. ಆದ್ದರಿಂದ ಹೇರು ಹೇರುವಾಗ, ಇಳಿಸುವಾಗ ಡಬಲ್ ಸ್ಟ್ಯಾಂಡೇ ಆಗಬೇಕು. ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ಒಬ್ಬರು ಮೇಲೆ ಕೂತು ಎರಡು ಕಾಲೂ ಊರಿ ಬ್ರೇಕು ಹಿಡಿದಿರಲಿ. ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ಗಾಡಿಗೆ ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯುವ ಅಭ್ಯಾಸವೊಂದಿದೆ, ಅದನ್ನೂ ಬಿಡಬೇಕು.

ಇಳಿಜಾರಿನಲ್ಲಿ ನಿಲ್ಲಿಸುವುದು ಹೇಗೆಂದು ಬೆಟ್ಟದ ಕಡೆಯವರು ಕೇಳುತ್ತಾರೆ. ಗಾಡಿಯ ಮೂತಿ ಏರಿನ ಕಡೆಗಿರಲಿ, ಮೊದಲನೆಯ ಗೇರಿನಲ್ಲಿರಲಿ. ಸೈಡ್ ಸ್ಟ್ಯಾಂಡ್ ಮಡಚುವುದು ಹಿಂದಕ್ಕೆ. ಮೂತಿ ಇಳಿಕೆಗಿದ್ದು ಗಾಡಿ ಒಂದು ಗೇಣು ಮುಂದಕ್ಕೆ ಉರುಳಿದರೂ ಸ್ಟ್ಯಾಂಡ್ ತಾನಾಗಿ ಮಡಚಿಕೊಳ್ಳುತ್ತದೆ. ಮೂತಿ ಏರಿಗಿದ್ದರೆ ಹಿಂದಕ್ಕೆ ಜಾರಿದಷ್ಟೂ ಸ್ಟ್ಯಾಂಡ್ ಇನ್ನೂ ಗಟ್ಟಿಯಾಗಿ ತನ್ನ ತಡೆಗೆ ಕಚ್ಚುತ್ತದೆ. ಅಡ್ಡ ಇಳಿಜಾರಿನಲ್ಲಿ ಎಡಗಡೆ ಎತ್ತರವಿದ್ದರೆ ಗಾಡಿ ನೆಟ್ಟಗಾಗಿ ಬಲಕ್ಕೆ ಬೀಳುತ್ತದೆ. ಎಡಗಡೆ ತಗ್ಗಿದ್ದರೆ ಅತಿಯಾಗಿ ವಾಲಿ ಸ್ಟ್ಯಾಂಡಿನ ಮೇಲೆ ಭಾರ ಬೀಳುತ್ತದೆ. ಅಡ್ಡ ನಿಲ್ಲಿಸದಿರುವುದೇ ಲೇಸು. ಹ್ಯಾಂಡಲ್ ಎಡಕ್ಕೆ ತಿರುಗಿಸಿ ಬೀಗ ಹಾಕಿದರೆ ಇನ್ನಷ್ಟು ಭದ್ರ.

ಪ್ಲೇಟು ಹಾಕಿದ ಮೇಲೆ ನಮ್ಮ ಗಾಡಿ ಈ ವರ್ಷದ ಮುಂಗಾರನ್ನೂ ಹಿಂಗಾರಿನ ಮೊದಲ ಮಳೆಗಳನ್ನೂ ಕಂಡಿದೆ. ಪರೀಕ್ಷೆಗೆಂದೇ ಪೈಪ್ ಚರಂಡಿಯ ಅದೇ ಜಾಗದಲ್ಲಿ, ಸುತ್ತ ಯಾರೂ ಬಾರದಂತೆ ಹಗ್ಗ ಕಟ್ಟಿ, ಒಂದು ಇಡೀ ಮಳೆಯಲ್ಲಿ ಗಾಡಿಯನ್ನು ಬಿಟ್ಟು ನೋಡಿದೆವು. ಪ್ಲೇಟಿನ ಗುರುತು ಒಂದು ಬೆರಳು ದಪ್ಪ ಮೂಡಿತು, ಅಷ್ಟೆ. ಹಾಗೆಂದು ಅಲ್ಲಿ ಈಗ ನಿಲ್ಲಿಸುವುದಿಲ್ಲ. ಪಂಪ್ ಮನೆಯ ಹಿಂದೆ ಎರಡು ಚಪ್ಪಡಿ ಹಾಸಿದ್ದೇವೆ, ಕೆಲಸದವರು ನಿಲ್ಲುವ ಶೀಟಿನಿಂದ ಹತ್ತು ಹೆಜ್ಜೆ ದೂರದಲ್ಲಿ. ಆ ಹೆಣ್ಣುಮಗಳು ಈ ಸಲ ಗೊನೆ ಹೊರಲು ಬಂದಿಲ್ಲ. ಸುಲಿಯುವ ಕೆಲಸಕ್ಕೆ ಕೂತಿದ್ದಾಳೆ. ನಡೆಯುತ್ತಾಳೆ, ಆದರೆ ಮಳೆ ಮೋಡ ಕಟ್ಟಿದ ದಿನ ಕಾಲು ಸೆಳೆಯುತ್ತದಂತೆ.

ರಟ್ಟಿನ ಅಳತೆಯನ್ನೂ, ಕತ್ತರಿಸಿದ ಒಂದು ಮಾದರಿ ಪ್ಲೇಟನ್ನೂ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಅದು ನಮ್ಮ ಗಾಡಿಯ ಅಳತೆ. ಬುಲೆಟ್ ಮತ್ತಿತರ ಗಾಡಿಯವರು ತಮ್ಮ ಗಾಡಿಯ ಪಾದಕ್ಕೆ ಹೊಂದಿಸಿಕೊಳ್ಳಬೇಕು. ಐದಾರು ಜನ ಕೂಡಿ ಒಂದೇ ಹಾಳೆ ಅಲ್ಯೂಮಿನಿಯಂ ತರಿಸಿದರೆ ಒಬ್ಬೊಬ್ಬರಿಗೆ ಬೀಳುವ ಖರ್ಚು ಒಂದು ದಿನದ ಆಳಿನ ಕೂಲಿಗಿಂತ ಹೆಚ್ಚಾಗಲಾರದೆಂದು ನಮ್ಮ ಅಂದಾಜು. ಬೇಕಾದವರು ಕಚೇರಿಯ ಪುಸ್ತಕದಲ್ಲಿ ಹೆಸರು ಬರೆಸಿ, ಗಾಡಿಯ ಮಾದರಿಯನ್ನೂ ಬರೆಸಿ. ರಟ್ಟನ್ನು ಮನೆಗೆ ಒಯ್ಯುವವರು ಎರಡು ದಿನದೊಳಗೆ ತಂದಿಡಬೇಕು. ಹಿಂದಿನ ರಟ್ಟು ಯಾರ ಮನೆಯಲ್ಲಿದೆಯೋ ಅವರೂ ದಯವಿಟ್ಟು ತಂದುಕೊಡಿ.